ಹಸಿರು ಚುಕ್ಕೆಗೆ ಬಂದ ಮುಖ

ನನ್ನ ಬಾಯಿ ಜೋರು ಅಂತ ಶಿವಮೊಗ್ಗದ ದುರ್ಗಿಗುಡಿಗೆಲ್ಲ ಗೊತ್ತು. ಬ್ಲೌಸ್ ಹೊಲಿಯೋ ದಾಕ್ಷಾಯಣಮ್ಮನ ಅಂಗಡೀಲಿ ಚೌಕಾಸಿ ಮಾಡಕ್ಕೆ ಹೋಗ್ಬೇಡಿ, ಬೈಸ್ಕೊಂಡು ಬರ್ತೀರ ಅಂತ ಹೆಂಗಸರು ಒಬ್ಬರಿಗೊಬ್ಬರು ಹೇಳ್ಕೊಳ್ತಾರೆ. ಹೇಳ್ಕೊಳ್ಳಲಿ. ಆದ್ರೆ ಆವತ್ತು ತಮ್ಮನ ಮನೇಲಿ ನಡೆದಿದ್ದಕ್ಕೆ ಈ ಜೋರು ಬಾಯೂ ಸಾಲಲಿಲ್ಲ. ಅದನ್ನ ನೆನೆಸ್ಕೊಂಡ್ರೆ ಈಗಲೂ ಮೈ ಉರಿಯುತ್ತೆ.

ತಮ್ಮ ಅಂದ್ರೆ ಪ್ರಸನ್ನಕುಮಾರ್. ವಿದ್ಯಾನಗರದಲ್ಲಿ ಮನೆ, ಹಾರ್ಡ್‌ವೇರ್ ವ್ಯಾಪಾರ, ದಾರೀಲಿ ಹೋದ್ರೆ ಜನ ನಿಂತು ನಮಸ್ಕಾರ ಹೇಳ್ತಾರೆ. ಅವನ ಮಗಳು ಅಮೂಲ್ಯಳ ಮದುವೆ ಅದ್ದೂರಿಯಾಗೇ ಆಯ್ತು. ಮಗಳನ್ನ ಗಂಡನ ಮನೆಗೆ ಕಳಿಸಿ, ಮಾರನೇ ದಿನ ಬೆಳಿಗ್ಗೆ ಒಡವೆ ಡಬ್ಬಿ ತೆಗೆದು ನೋಡ್ತಾರೆ, ಚಿನ್ನದ ಅವಲಕ್ಕಿ ಸರ ಇಲ್ಲ. ನಮ್ಮಮ್ಮ ಹಾಕ್ಕೊಳ್ತಿದ್ದ ಸರ ಅದು. ಮುಹೂರ್ತ ಮುಗಿದ ಮೇಲೆ ಭಾರ ಆಗುತ್ತೆ ಅಂತ ಅಮೂಲ್ಯ ಬಿಚ್ಚಿ ಕೊಟ್ಟಿದ್ಳು, ಅದನ್ನ ಛತ್ರದ ಮದುಮಗಳ ಕೋಣೇಲಿ ಡಬ್ಬಿಗೆ ಹಾಕಿದ್ದು ಎಲ್ಲರಿಗೂ ನೆನಪಿದೆ. ಅಲ್ಲಿಂದ ಮುಂದಿಂದು ಒಬ್ಬರಿಗೂ ನೆನಪಿಲ್ಲ.

ಸುದ್ದಿ ಕೇಳಿ ನಾನು ಅಂಗಡಿ ಬಾಗಿಲು ಎಳೆದು ಆಟೋ ಹತ್ತಿ ಓಡಿದೆ. ಹೋಗಿ ನೋಡಿದ್ರೆ ಹಾಲ್ ತುಂಬಾ ನೆಂಟರು. ಎಲ್ಲರ ಮುಖ ಟಿವಿ ಕಡೆ. ಟಿವಿಗೆ ಲ್ಯಾಪ್‌ಟಾಪ್ ಸಿಕ್ಕಿಸ್ಕೊಂಡು ನನ್ನ ತಂಗಿ ಮಗ ನಿರಂಜನ ಕೂತಿದ್ದ.

ನಿರಂಜನನ ಬಗ್ಗೆ ಹೇಳ್ಬೇಕು. ಅವನದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ನಮ್ಮೂರಲ್ಲಿ ಯಾರದೇ ಹುಟ್ಟುಹಬ್ಬ ಇರಲಿ, ಯಾರೇ ಶಿವೈಕ್ಯರಾಗಲಿ, ಸರ್ಕಲ್ಲಲ್ಲಿ ಫ್ಲೆಕ್ಸ್ ನಿಲ್ಲಲೇಬೇಕಲ್ಲ. ಜನ ವಾಟ್ಸಾಪಲ್ಲಿ ಸವೆದು ಸವೆದು ಬಂದ ಹೆಬ್ಬೆಟ್ಟಿನಷ್ಟು ಫೋಟೋ ತಂದು ಕೊಡ್ತಾರೆ, ಇವನು ಅದನ್ನ ಆಳೆತ್ತರ ಮಾಡಿ ಕೊಡ್ತಾನೆ. ಮುಂಚೆ ಹಾಗೆ ಎಳೆದ್ರೆ ಮುಖ ಚೌಕ ಚೌಕವಾಗಿ ಒಡೆದು ಹೋಗ್ತಿತ್ತು. ಈಗ ಅದೇನೋ ಹೊಸ ಸಾಫ್ಟ್‌ವೇರ್ ಬಂದಿದೆ, ಎಷ್ಟು ಪಟ್ಟು ದೊಡ್ಡದು ಮಾಡಿದ್ರೂ ಕ್ವಾಲಿಟಿ ಒಂಚೂರೂ ಹೋಗಲ್ಲ ಅಂತ ಮದುವೆ ಊಟಕ್ಕೆ ಕೂತಾಗಲೂ ಪಕ್ಕದವರಿಗೆ ಕೊರೀತಿದ್ದ.

ಟಿವೀಲಿದ್ದಿದ್ದು ಮದುವೆ ದಿನದ ಒಂದು ಫೋಟೋ. ನಮ್ಮ ಚಿಕ್ಕಪ್ಪ ಶಿವಮೂರ್ತಪ್ಪ ಹೆಂಡತಿ ಮಕ್ಕಳ ಜೊತೆ ನಗ್ತಾ ನಿಂತಿದ್ದಾರೆ, ಯಾರೋ ಮೊಬೈಲಲ್ಲಿ ತೆಗೆದಿದ್ದಾರೆ. ಅವರ ಹಿಂದೆ ಬಹಳ ದೂರದಲ್ಲಿ ಮದುಮಗಳ ಕೋಣೆಯ ಬಾಗಿಲು ಅರ್ಧ ತೆರೆದಿದೆ. ಒಳಗೆ ಒಂದು ಟೇಬಲ್. ಟೇಬಲ್ ಮೇಲೆ ದೇವರ ಕಳಸ, ಪಕ್ಕದಲ್ಲಿ ಒಡವೆ ಡಬ್ಬಿ. ಡಬ್ಬಿ ಕಡೆ ಬಗ್ಗಿರೋ ಒಂದು ಹಸಿರು ಚುಕ್ಕೆ. ಚುಕ್ಕೆ ಅಂದ್ರೆ ಚುಕ್ಕೆನೇ, ಹೆಸರುಕಾಳಿನಷ್ಟು. ಗಂಡಸೋ ಹೆಂಗಸೋ ಅಂತಲೂ ಗೊತ್ತಾಗ್ತಿರಲಿಲ್ಲ.

"ಇಲ್ಲಿ ನೋಡಿ ಈಗ," ಅಂದ ನಿರಂಜನ. ಆ ಚುಕ್ಕೆಯ ಸುತ್ತ ಗೆರೆ ಎಳೆದು ಒಂದು ಬಟನ್ ಒತ್ತಿದ. ಚುಕ್ಕೆ ದೊಡ್ಡದಾಯ್ತು. ಇನ್ನೊಂದು ಸಲ ಒತ್ತಿದ, ಇನ್ನೂ ದೊಡ್ಡದಾಯ್ತು. ಆಮೇಲೆ "ಫೇಸ್ ಸರಿ ಮಾಡ್ತೀನಿ" ಅಂತ ಇನ್ನೇನೋ ಒತ್ತಿದ. ಟಿವಿ ತುಂಬಾ ಒಂದು ಹುಡುಗಿಯ ಮುಖ ಬಂದು ಕೂತ್ಕೊಳ್ತು. ಬೆಳ್ಳಗೆ, ನೀಳ ಮೂಗು, ತಲೆ ಮೇಲೆ ಹಸಿರು ಬಟ್ಟೆ. ಕಣ್ಣಿನ ರೆಪ್ಪೆಯ ಒಂದೊಂದು ಕೂದಲೂ ಕಾಣ್ತಿತ್ತು.

"ಇದು ಆ ಮೆಹಂದಿ ಹುಡುಗಿ," ಅಂದ್ಳು ತಮ್ಮನ ಹೆಂಡತಿ ಪದ್ಮಮ್ಮ.

ಅವಳು ಅಂದಿದ್ದೇ ತಡ, ಹಾಲಲ್ಲಿದ್ದ ಅಷ್ಟೂ ಜನಕ್ಕೆ ಅದು ಸಫೂರಾ ಆಗಿಬಿಡ್ತು. ಹೌದೌದು ಅವಳೇ, ಆವತ್ತು ಹಸಿರು ದುಪ್ಪಟ್ಟಾ ಹಾಕಿದ್ಳು, ನಾನು ನೋಡಿದ್ದೆ ಅಂತ ಒಬ್ಬಳು. ಅವಳ ಕಣ್ಣು ಮೊದಲಿಂದಲೂ ಒಡವೆ ಮೇಲೇ ಇತ್ತು ಅಂತ ಇನ್ನೊಬ್ಬಳು. ಇಂಥವರನ್ನ ಮನೆ ಒಳಗೆ ಬಿಟ್ಕೊಳ್ಳೋದೇ ತಪ್ಪು ಅಂತ ಚಿಕ್ಕಪ್ಪ. ಇಂಥವರು ಅಂದ್ರೆ ಎಂಥವರು ಅಂತ ನಾನು ಕೇಳಿದೆ. ಚಿಕ್ಕಪ್ಪ ಟಿವಿ ಕಡೆ ಕೈ ತೋರಿಸಿದ್ರು.

ಸಫೂರಾನ ಮದುವೆ ಮನೆಗೆ ಕರೆಸಿದ್ದು ನಾನೇ. ಭದ್ರಾವತಿಯ ಹುಡುಗಿ, ಅವಳಪ್ಪ ಮುಸ್ತಕೀಮ್ ಅಲ್ಲಿ ಗ್ಯಾರೇಜ್ ಇಟ್ಟಿದ್ದಾನೆ. ನನ್ನ ಅಂಗಡಿಗೆ ಬರೋ ಮದುವೆ ಹೆಣ್ಣುಗಳಿಗೆಲ್ಲ ಅವಳದೇ ಮೆಹಂದಿ. ಕೈ ಹಿಡಿದು ಕೂತ್ಲು ಅಂದ್ರೆ ಎದ್ದೇಳೋವರೆಗೂ ತಲೆ ಎತ್ತಲ್ಲ. ಮದುವೆ ದಿನ ಅವಳಿಗೆ ಕೆಲಸ ಇರಲಿಲ್ಲ, ಊಟಕ್ಕಾದ್ರೂ ಬಾರೇ ಮಾರಾಯ್ತಿ ಅಂತ ನಾನೇ ಬಲವಂತ ಮಾಡಿದ್ದೆ. ಈಗ ಇದೇ ಹೊರಗೆ ಗೊತ್ತಾದ್ರೆ ಭದ್ರಾವತೀಲಾಗಲಿ ಶಿವಮೊಗ್ಗದಲ್ಲಾಗಲಿ ಆ ಹುಡುಗಿಯನ್ನ ಮದುವೆ ಮನೆ ಹೊಸಿಲು ದಾಟಿಸ್ತಾರಾ? ಮದುವೆ ಮನೆ ಅಂದ್ರೆ ಎಲ್ಲೆಲ್ಲೂ ಚಿನ್ನ. ನಂಬಿಕೆ ಹೋದ್ರೆ ಅವಳ ಕಸುಬೇ ಹೋಯ್ತು.

"ಸಫೂರಾದು ಮೊಂಡು ಮೂಗು. ಗಲ್ಲದ ಮೇಲೆ ಇಷ್ಟು ದೊಡ್ಡ ಮಚ್ಚೆ ಇದೆ. ಇವಳಿಗೆ ಎಲ್ಲಿದೆ ಮಚ್ಚೆ?" ಅಂದೆ.

"ಅಷ್ಟು ದೂರದಿಂದ ತೆಗೆದಿದ್ದು ಅಕ್ಕ. ಮಚ್ಚೆ ಎಲ್ಲಿಂದ ಬರುತ್ತೆ?" ಅಂದ ಪ್ರಸನ್ನಕುಮಾರ್.

"ರೆಪ್ಪೆ ಕೂದಲು ಬರುತ್ತೆ, ಮಚ್ಚೆ ಬರಲ್ವಾ?"

"ನಿಂಗೆ ಟೆಕ್ನಾಲಜಿ ಅರ್ಥ ಆಗಲ್ಲ, ಸುಮ್ನಿರು."

ಟೆಕ್ನಾಲಜಿಯಂತೆ. ಇವನಿಗೆ ಟಿವಿ ರಿಮೋಟಲ್ಲಿ ಬ್ಯಾಟರಿ ಯಾವ ಕಡೆ ಹಾಕೋದು ಅಂತ ಹೇಳಿಕೊಟ್ಟವಳು ನಾನು. ಅಷ್ಟರಲ್ಲಿ ಅವನು ಪೂರ್ತಿ ಫೋಟೋದ ಪಕ್ಕ ಆ ಮುಖ ಸೇರಿಸಿ ಮೊಬೈಲಿಗೆ ಹಾಕಿಸ್ಕೊಂಡು, "ಮೆಹಂದಿ ಹಾಕೋ ನೆಪದಲ್ಲಿ ಬಂದು ಚಿನ್ನ ಕದಿಯೋ ಸಫೂರಾ, ಭದ್ರಾವತಿ. ಎಚ್ಚರಿಕೆ" ಅಂತ ಬರೆದು, ನೆಂಟರ ಗ್ರೂಪು, ಬಡಾವಣೆ ಗ್ರೂಪು, ವ್ಯಾಪಾರಿಗಳ ಗ್ರೂಪು ಅಂತ ಸಿಕ್ಕ ಸಿಕ್ಕ ಕಡೆ ಕಳಿಸಿ ಆಗಿತ್ತು. ಇನ್ನೂ ಒಂದು ಮಾಡಿದ್ದ. ಇನ್ನೊಂದು ಫಂಕ್ಷನ್ ಇದೆ, ಡಿಸೈನ್ ನೋಡ್ಬೇಕು ಅಂತ ಸುಳ್ಳು ಹೇಳಿ ಸಫೂರಾನ ಮನೆಗೇ ಕರೆಸಿದ್ದ.

ಅವಳು ಬಂದ್ಳು. ಹೆಗಲಿಗೆ ಬ್ಯಾಗು, ಕೈಯಲ್ಲಿ ಡಿಸೈನ್ ಪುಸ್ತಕ, ಮುಖದ ತುಂಬಾ ನಗು. ಚಪ್ಪಲಿ ಬಿಟ್ಟು ಒಳಗೆ ಕಾಲಿಡ್ತಿದ್ದಂಗೆ ಯಾರೂ ಕೂತ್ಕೋ ಅನ್ನಲಿಲ್ಲ. ಅವಳು ನನ್ನ ನೋಡಿದ್ಳು, ಆಮೇಲೆ ಟಿವಿ ನೋಡಿದ್ಳು.

"ಯಾರಿದು ಅಂಕಲ್?" ಅಂದ್ಳು. ನಿಜವಾಗಲೂ ಕೇಳಿದ್ಳು, ಆಟ ಆಡಲಿಲ್ಲ.

"ನಾಟಕ ಬೇಡ," ಅಂದ್ರು ಚಿಕ್ಕಪ್ಪ. "ಸರ ಎಲ್ಲಿಟ್ಟಿದ್ದೀಯ ಹೇಳಿಬಿಡು. ಸ್ಟೇಷನ್ನಿಗೆ ಹೋಗೋದು ಬೇಡ."

ಅವಳಿಗೆ ಅರ್ಥ ಆಗಕ್ಕೆ ಸ್ವಲ್ಪ ಹೊತ್ತು ಬೇಕಾಯ್ತು. "ಅದು ನಾನಲ್ಲ. ಅಲ್ಲಾಹ್‌ನಾಣೆ ಅದು ನಾನಲ್ಲ. ಊಟ ಆದ್ಮೇಲೆ ನಾನು ಆ ಕೋಣೆ ಕಡೆನೇ ಹೋಗಿಲ್ಲ," ಅಂದ್ಳು. ಯಾರು ಕೇಳ್ತಾರೆ? ಪದ್ಮಮ್ಮ ಅವಳ ಹೆಗಲಿಂದ ಬ್ಯಾಗ್ ಕಿತ್ಕೊಂಡು ನೆಲಕ್ಕೆ ಸುರಿದೇಬಿಟ್ಟಳು. ಮೆಹಂದಿ ಕೋನ್‌ಗಳು, ಹತ್ತಿ, ನೀಲಗಿರಿ ಎಣ್ಣೆ ಬಾಟ್ಲಿ, ಟಿಫನ್ ಡಬ್ಬಿ. ಅದರ ಜೊತೆ ಎಲ್ಲರೆದುರಿಗೆ ಬೀಳಬಾರದ ಹೆಣ್ಣುಮಕ್ಕಳ ಸಾಮಾನೂ ಬಿತ್ತು. ಸಫೂರಾ ಬಗ್ಗಿ ಅದನ್ನ ದುಪ್ಪಟ್ಟಾದಲ್ಲಿ ಮುಚ್ಚಿದ್ಳು. ಗಂಡಸರು ನೋಡ್ತಾನೇ ಇದ್ರು. ಆ ಹೊತ್ತಲ್ಲಿ ನನಗೆ ನನ್ನವರ ಮೇಲೆ ಹುಟ್ಟಿದ ಅಸಹ್ಯ ಇವತ್ತಿಗೂ ಹೋಗಿಲ್ಲ.

ಏನಾದ್ರೂ ಹಿಡಿದು ಎಸೀಬೇಕು ಅನ್ನಿಸ್ತು. ಎಸೆಯಕ್ಕೆ ಏನಾದ್ರೂ ಸಿಗುತ್ತಾ ಅಂತ ನೋಡ್ತಾ ಇದ್ದವಳಿಗೆ ಮತ್ತೆ ಆ ಫೋಟೋ ಕಣ್ಣಿಗೆ ಬಿತ್ತು. ನಿರಂಜನ ಮುಖವನ್ನ ಒಂದು ಪಕ್ಕಕ್ಕೆ ಸರಿಸಿ ಪೂರ್ತಿ ಫೋಟೋ ಇನ್ನೊಂದು ಪಕ್ಕದಲ್ಲಿ ಇಟ್ಟಿದ್ದ. ಬಾಗಿಲು, ಟೇಬಲ್, ಕಳಸ. ಕಳಸದ ಮುಂದೆ ದೀಪ ಇತ್ತಲ್ಲ ಅಂತ ನೆನಪಾಯ್ತು. ದೀಪ ಮಂಕಾಗ್ತಿದೆ ಎಣ್ಣೆ ಹಾಕಿ ಅಂತ ಯಾರೋ ಅಂದ್ರು, ಮುಹೂರ್ತದ ದಿನ ದೀಪ ಆರಬಾರದು ಅಂತ ನಾನೇ ಎದ್ದು ಹೋಗಿದ್ದೆ. ಎಣ್ಣೆ ಹಾಕಿ, ಕಳಸಕ್ಕೆ ಒಂದು ಸೇವಂತಿಗೆ ಏರಿಸಿ ಕೈ ಮುಗಿದಿದ್ದೆ. ಆವತ್ತು ನಾನು ಉಟ್ಟಿದ್ದು ಹಸಿರು ಇಳಕಲ್ ಸೀರೆ. ದೇವರ ಮುಂದೆ ನಿಂತಾಗ ತಲೆ ಮೇಲೆ ಸೆರಗು ಹೊದ್ಕೊಳ್ಳೋದು ನಮ್ಮ ಮನೆ ಪದ್ಧತಿ, ನಾನು ಹೊದ್ಕೊಂಡಿದ್ದೆ.

"ಅದು ನಾನು," ಅಂದೆ.

ಎಲ್ಲರೂ ನನ್ನ ಕಡೆ ತಿರುಗಿದ್ರು.

"ಆ ಫೋಟೋದಲ್ಲಿರೋದು ಸಫೂರಾ ಅಲ್ಲ. ನಾನು. ದೀಪಕ್ಕೆ ಎಣ್ಣೆ ಹಾಕ್ತಿದ್ದೀನಿ."

ಮೊದಲು ನಕ್ಕಿದ್ದು ಪದ್ಮಮ್ಮ. ಅವಳು ಟಿವೀಲಿದ್ದ ಇಪ್ಪತ್ತರ ಹುಡುಗಿಯನ್ನ ನೋಡಿದ್ಳು, ಅರವತ್ತು ಸಮೀಪಿಸಿದ ನನ್ನ ಜೋತುಬಿದ್ದ ಗಲ್ಲ ನೋಡಿದ್ಳು, "ನೀವಾ ಅಕ್ಕ?" ಅಂತ ಬಾಯಿಗೆ ಸೆರಗು ಇಟ್ಕೊಂಡ್ಳು. ಅವಳ ಹಿಂದೆ ಉಳಿದವರೂ ನಕ್ಕರು. ನನ್ನ ಒಡಹುಟ್ಟಿದ ತಮ್ಮ, ನಾನು ಎತ್ತಿ ಆಡಿಸಿದವನು, "ಪಾಪದ ಹುಡುಗಿ ಅಂತ ಕರುಣೆ ಇರಲಿ ಅಕ್ಕ, ಸುಳ್ಳು ಹೇಳಿ ಕಾಪಾಡಬೇಡ. ಫೋಟೋ ಇಷ್ಟು ಕ್ಲಿಯರ್ ಇದೆ," ಅಂದ. ಇದಕ್ಕಿಂತ ಅನ್ಯಾಯ ಉಂಟಾ? ನಾನು ನಾನೇ ಅಂತ ನಾನು ಹೇಳಿದ್ರೆ ನಂಬಲ್ಲ, ಟಿವಿ ಹೇಳಿದ್ರೆ ನಂಬ್ತಾರೆ.

"ಮಂಗಳಾರತಿ ಹೊತ್ತಲ್ಲಿ ನೀನೂ ತಲೆ ಮೇಲೆ ಸೆರಗು ಹಾಕ್ಕೊಂಡಿದ್ದೆ ಪದ್ಮ," ಅಂದೆ. "ಈ ಹಾಲಲ್ಲಿರೋ ಎಲ್ಲಾ ಹೆಂಗಸರೂ ಹಾಕ್ಕೊಂಡಿದ್ರಿ. ನಿಮ್ಮ ತಲೆ ಮೇಲೆ ಬಟ್ಟೆ ಇದ್ರೆ ಭಕ್ತಿ. ದೂರದಿಂದ ಒಂದು ತಲೆ ಮೇಲೆ ಬಟ್ಟೆ ಕಂಡ ಕೂಡಲೇ ಮುಸ್ಲಿಮರ ಹುಡುಗಿ, ಕಳ್ಳಿ. ಅಲ್ವಾ?"

ಪದ್ಮಮ್ಮ ಮುಖ ಸಿಂಡರಿಸಿದ್ಳು. ಚಿಕ್ಕಪ್ಪ ಸ್ಟೇಷನ್ನಿಗೆ ಹೋಗಕ್ಕೆ ಶಾಲು ಹುಡುಕ್ತಾ ಇದ್ರು. ನನಗೆ ಆ ಸೇವಂತಿಗೆ ನೆನಪಾಯ್ತು. ನಾನು ಏರಿಸಿದ ಹೂವು ಕಳಸದ ಮೇಲೆ ಕಂಡ್ರೆ, ಆ ಹೊತ್ತಲ್ಲಿ ಅಲ್ಲಿದ್ದವಳು ಪೂಜೆ ಮಾಡ್ತಿದ್ಳು ಅಂತಾದ್ರೂ ಗೊತ್ತಾಗುತ್ತಲ್ಲ ಅನ್ನಿಸ್ತು. "ನಿರಂಜನ, ಆ ಕಳಸ ದೊಡ್ಡದು ಮಾಡೋ," ಅಂದೆ.

"ಅದೆಲ್ಲ ಯಾಕೆ ದೊಡ್ಡಮ್ಮ?"

"ಮುಖ ಮಾಡಿದ್ಯಲ್ಲ, ಕಳಸನೂ ಮಾಡು. ಹಂಗೇ ಮಾಡು, ಅದೇ ಬಟನ್ ಒತ್ತು."

ಅವನು ಗೊಣಗ್ತಾ ಕಳಸದ ಸುತ್ತ ಗೆರೆ ಎಳೆದ. ಒಂದು ಸಲ ಒತ್ತಿದ, ಕಳಸ ದೊಡ್ಡದಾಯ್ತು. ಇನ್ನೊಂದು ಸಲ ಒತ್ತಿದ. ಮೂರನೇದು ಒತ್ತಿದ.

ಕಳಸದ ಮೇಲಿನ ತೆಂಗಿನಕಾಯಿಗೆ ಮುಖ ಬಂದಿತ್ತು. ಎರಡು ಕಣ್ಣು, ಹುಬ್ಬು, ಚಂದದ ಮೂಗು, ಲಿಪ್‌ಸ್ಟಿಕ್ ಹಚ್ಚಿದಂಥ ತುಟಿ. ನಾನು ಏರಿಸಿದ್ದ ಸೇವಂತಿಗೆ ಹಣೆ ಮೇಲಿನ ಗುಂಗುರು ಕೂದಲಾಗಿತ್ತು. ವೀಳ್ಯದೆಲೆ ಕೊರಳ ಪಟ್ಟಿ ಆಗಿತ್ತು. ತೆಂಗಿನಕಾಯಿ ನಮ್ಮನ್ನೆಲ್ಲ ನೋಡಿ ಸಣ್ಣಗೆ ನಗ್ತಾ ಇತ್ತು. ಸಫೂರಾ ಅಂತ ಇವರು ಹೇಳಿದ ಮುಖದಷ್ಟೇ ಕ್ಲಿಯರ್ ಆಗಿತ್ತು, ರೆಪ್ಪೆ ಕೂದಲೂ ಇತ್ತು.

"ಕರೀರಿ ಪೊಲೀಸ್ರನ್ನ," ಅಂದೆ. "ಈ ಕಾಯೀನೂ ಕರ್ಕೊಂಡು ಹೋಗಲಿ."

ನಿರಂಜನನ ಕಿವಿ ಕೆಂಪಾದವು. ಅವನು ಲ್ಯಾಪ್‌ಟಾಪ್ ನೋಡ್ತಾನೇ ತೊದಲಿದ. ಸಣ್ಣ ಫೋಟೋದಲ್ಲಿ ಇಲ್ಲದೇ ಇರೋದನ್ನ ಇದು ಎಲ್ಲಿಂದಲೂ ತರಲ್ಲ ದೊಡ್ಡಮ್ಮ, ಲಕ್ಷಾಂತರ ಮುಖ ನೋಡಿ ಕಲಿತಿರುತ್ತೆ, ಖಾಲಿ ಇರೋ ಕಡೆ ಅಂದಾಜಿನ ಮೇಲೆ ತುಂಬುತ್ತೆ, ದುಂಡಗೆ ಏನು ಕಂಡ್ರೂ ಕೆಲವು ಸಲ ಮುಖ ಅಂದ್ಕೊಳ್ಳುತ್ತೆ ಅಂದ.

"ಇದು ನಿಂಗೆ ಮೊದಲೇ ಗೊತ್ತಿತ್ತಾ?"

"ಫ್ಲೆಕ್ಸಿಗೆ ಯಾರೂ ಕೇಳಲ್ಲ ದೊಡ್ಡಮ್ಮ. ಮುಖ ಚೆನ್ನಾಗಿ ಬಂದ್ರೆ ಖುಷಿಯಾಗಿ ಹೋಗ್ತಾರೆ."

"ಗೊತ್ತಿತ್ತಾ ಇಲ್ವಾ?"

"ಗೊತ್ತಿತ್ತು."

ಅಷ್ಟರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ತಡೆಯಕ್ಕಾಗಲಿಲ್ಲ, ಹಾಲಿಗೆ ಹಾಲೇ ನಕ್ಕಿತು. ಕಾಯಿಗೆ ಲಿಪ್‌ಸ್ಟಿಕ್ ನೋಡ್ರೇ ಅಂತ ಒಬ್ಬಳು ಮೊಬೈಲಲ್ಲಿ ಫೋಟೋ ಹೊಡ್ಕೊಂಡ್ಳು. ಚಿಕ್ಕಪ್ಪ ಶಾಲು ಮಡಚಿ ಇಟ್ಟು ಅವರೂ ನಕ್ಕರು. ಸಫೂರಾ ನೆಲದ ಮೇಲೆ ಮೊಣಕಾಲೂರಿ ಕೋನ್‌ಗಳನ್ನ ಒಂದೊಂದಾಗಿ ಹೆಕ್ಕಿ ಬ್ಯಾಗಿಗೆ ಹಾಕ್ಕೊಳ್ತಿದ್ಳು. ಒಂದು ಕೋನ್ ಯಾರದೋ ಕಾಲಿಗೆ ಸಿಕ್ಕಿ ಒಡೆದು ಟೈಲ್ಸ್ ಮೇಲೆ ಮೆಹಂದಿ ಮೆತ್ತಿಕೊಂಡಿತ್ತು. ಅವಳು ಅದನ್ನೂ ಹತ್ತೀಲಿ ಒರೆಸಿದ್ಳು. ನಾನು ಬಿಡೇ ಅಂದೆ, ಬಿಡಲಿಲ್ಲ.

"ಸರಿ ಬಿಡಮ್ಮ, ಮನಸ್ಸಿಗೆ ಹಚ್ಕೋಬೇಡ. ಗಾಬರೀಲಿ ಆಯ್ತು. ಪದ್ಮ, ಅವಳಿಗೆ ಕಾಫಿ ಕೊಡು," ಅಂದ ಪ್ರಸನ್ನಕುಮಾರ್.

"ಆ ಗ್ರೂಪುಗಳಿಗೆ ಕಳಿಸಿದ್ದನ್ನ ಅಳಿಸು," ಅಂದೆ.

"ಇನ್ನು ಹೆಂಗೆ ಆಗುತ್ತೆ ಅಕ್ಕ? ಅದು ಯಾರ್ಯಾರಿಗೆ ಫಾರ್ವರ್ಡ್ ಆಗಿ ಎಲ್ಲೆಲ್ಲಿ ಹೋಯ್ತೋ. ಒಂದು ವಾರ ಬಿಟ್ರೆ ಜನ ಮರೀತಾರೆ. ಈಗ ತಪ್ಪಾಯ್ತು ಅಂತ ಬರೆದ್ರೆ ನನ್ನ ಮಾತಿಗೆ ಏನು ಬೆಲೆ?"

ನಾನು ಸಫೂರಾನ ಕೈ ಹಿಡ್ಕೊಂಡು ಹೊರಗೆ ಬಂದೆ. ಕಾಫಿ ಕುಡೀಲಿಲ್ಲ. ರಸ್ತೆಗೆ ಬಂದು ಭದ್ರಾವತಿ ಬಸ್ ಹತ್ತಿದ್ವಿ. ದಾರೀಲಿ ಅವಳ ಮೊಬೈಲಿಗೆ ಒಂದು ಫೋನ್ ಬಂತು. ಅವಳು ಹೂಂ, ಹೂಂ ಅಂತ ಕೇಳಿಸ್ಕೊಂಡು ಇಟ್ಟಳು. ಮುಂದಿನ ವಾರದ ಮದುವೆಗೆ ಬೇರೆಯವರು ಸಿಕ್ಕಿದ್ದಾರಂತೆ ಅಂದ್ಳು. ನಾನು ಅವರ ನಂಬರ್ ಕೊಡು, ಮಾತಾಡ್ತೀನಿ ಅಂದೆ. ಬೇಡ ಬಿಡಿ ಆಂಟಿ ಅಂತ ಕಿಟಕಿ ಕಡೆ ತಿರುಗಿ ಕೂತ್ಲು.

ಭದ್ರಾವತೀಲಿ ಫ್ಯಾಕ್ಟರಿ ಕ್ವಾರ್ಟರ್ಸ್ ದಾಟಿ ಅವಳ ಮನೆ. ನಾವು ಹೋಗೋ ಮುಂಚೆ ಆ ಫೋಟೋ ಅಲ್ಲಿಗೆ ತಲುಪಿತ್ತು. ಅವಳಮ್ಮ ಸಲೀಮಾ ಬಾಗಿಲಲ್ಲೇ ನಿಂತಿದ್ಳು, ಕೈಯಲ್ಲಿ ಮೊಬೈಲು. ಅಕ್ಕಪಕ್ಕದ ಇಬ್ಬರು ಮೂವರು ಹೆಂಗಸರು ಅವಳನ್ನ ಸುತ್ತುವರಿದಿದ್ರು.

"ಇದು ನನ್ನ ಮಗಳಲ್ಲ ಅಂತ ಆವಾಗಿಂದ ಹೇಳ್ತಿದ್ದೀನಿ ಅಮ್ಮ," ಅಂದ್ಳು ನನಗೆ. "ಹೆತ್ತವಳಿಗೆ ಗೊತ್ತಾಗಲ್ವಾ? ಇಲ್ಲ, ಹೆಸರು ಹಾಕಿದಾರಲ್ಲ ಅಂತಾರೆ. ಇವಳಪ್ಪನ ಗ್ಯಾರೇಜಿಗೂ ಯಾರೋ ಬಂದು ತೋರಿಸಿ ಹೋದ್ರಂತೆ. ಅವರು ಶಟರ್ ಎಳ್ಕೊಂಡು ಒಳಗೇ ಕೂತಿದಾರೆ."

ಆ ಹೆಂಗಸರಿಗೆಲ್ಲ ನಾನು ನಡೆದಿದ್ದು ಹೇಳಿದೆ. ಕಾಯಿಗೆ ಮುಖ ಬಂದಿದ್ದೂ ಹೇಳಿದೆ. ಅವರೂ ನಕ್ಕರು, ಆಮೇಲೆ ಹೋದ್ರು. ಒಳಗೆ ಕೂತ್ವಿ. ಸಲೀಮಾ ಚಹಾ ಇಟ್ಟಳು. ಸಫೂರಾ ಆಗ ಕೇಳಿದ್ಳು.

"ಆಂಟಿ, ಡಬ್ಬಿ ಹತ್ರ ಇದ್ದಿದ್ದು ನೀವು ಅಂತ ಅವರಿಗೆ ಗೊತ್ತಾಯ್ತಲ್ಲ. ಆಮೇಲೆ ನಿಮ್ಮ ಬ್ಯಾಗ್ ನೋಡಿದ್ರಾ?"

ನನ್ನ ಬ್ಯಾಗ್ ನನ್ನ ತೊಡೆ ಮೇಲೇ ಇತ್ತು. ಅದರ ಜಿಪ್ ಯಾರೂ ಮುಟ್ಟಿರಲಿಲ್ಲ. ಮುಟ್ಟೋ ಯೋಚನೆ ಯಾರಿಗೂ ಬಂದಿರಲಿಲ್ಲ. ನಿಜ ಹೇಳ್ತೀನಿ, ಅವಳು ಕೇಳೋವರೆಗೂ ನನಗೂ ಬಂದಿರಲಿಲ್ಲ.

"ಇಲ್ಲ," ಅಂದೆ.

ಅವಳು ತಲೆ ಆಡಿಸಿದ್ಳು, ಅಷ್ಟೇ. ಬೈದಿದ್ರೆ ತಡ್ಕೊಳ್ತಿದ್ದೆ.

ನಾನು ನನ್ನ ಮೊಬೈಲ್ ತೆಗೆದೆ. ಪ್ರಸನ್ನಕುಮಾರ್ ಕಳಿಸಿದ್ದ ಅದೇ ಫೋಟೋ, ಅದರ ಪಕ್ಕ ಮದುವೆ ದಿನ ಹಸಿರು ಇಳಕಲ್ ಉಟ್ಟ ನನ್ನ ಫೋಟೋ. ಕೆಳಗೆ ಬರೆಯಕ್ಕೆ ನನ್ನ ಬೆರಳು ನಿಧಾನ ಅಂತ ಸಫೂರಾಗೆ ಕೊಟ್ಟು ಹೇಳ್ತಾ ಹೋದೆ. "ಈ ಫೋಟೋದಲ್ಲಿ ಒಡವೆ ಡಬ್ಬಿ ಹತ್ರ ಇರೋಳು ಸಫೂರಾ ಅಲ್ಲ. ನಾನು, ಪ್ರಸನ್ನಕುಮಾರನ ಅಕ್ಕ ದಾಕ್ಷಾಯಣಮ್ಮ. ಸರ ಕದ್ದಿದ್ದು ಈ ಫೋಟೋದಲ್ಲಿರೋಳೇ ಅಂತ ನನ್ನ ತಮ್ಮ ಬರೆದಿದ್ದಾನೆ. ಅನುಮಾನ ಇದ್ದವರು ದುರ್ಗಿಗುಡಿಯ ನನ್ನ ಅಂಗಡಿಗೆ ಬಂದು ಹುಡುಕಬಹುದು."

ಅವಳ ಬೆರಳು ನಿಂತವು. "ಬೇಡ ಆಂಟಿ, ನಿಮ್ಮ ಹೆಸರು ಕೆಡುತ್ತೆ."

"ಕಳಿಸು," ಅಂದೆ. ನನ್ನ ಮೊಬೈಲಲ್ಲಿದ್ದ ಎಲ್ಲಾ ಗ್ರೂಪಿಗೂ ಕಳಿಸಿದ್ಳು. ಅಂಗಡಿ ಗಿರಾಕಿಗಳ ಗ್ರೂಪಿಗೂ ಹೋಯ್ತು.

ಚಹಾ ಆರೋದರೊಳಗೆ ತಮ್ಮನ ಫೋನ್ ಬಂತು. ಇಷ್ಟು ವರ್ಷದಲ್ಲಿ ಅವನು ನನ್ನ ಮೇಲೆ ಅಷ್ಟು ಜೋರಾಗಿ ಕೂಗಾಡಿರಲಿಲ್ಲ. "ಏನು ಮಾಡಿದೆ ಅಕ್ಕ? ಅಮೂಲ್ಯಳ ಅತ್ತೆ ಮನೆಯವರು ಫೋನ್ ಮಾಡಿ, ಹುಡುಗಿಯ ಸೋದರತ್ತೆನೇ ಕಳ್ಳತನ ಮಾಡಿದ್ಳಾ ಅಂತ ಕೇಳ್ತಿದ್ದಾರೆ. ಮನೆ ಮರ್ಯಾದೆ ಬೀದಿಗೆ ತಂದ್ಯಲ್ಲ."

"ಮರ್ಯಾದೆ ಈಗ ಜ್ಞಾಪಕ ಬಂತಾ?" ಅಂದು ಫೋನ್ ಇಟ್ಟೆ.

ಆಮೇಲೆ ಅವನು ಏನು ಮಾಡಿದ ಅಂತ ನಿರಂಜನ ಹೇಳಿದ. ಒಂದೊಂದೇ ಗ್ರೂಪಿಗೆ ಹೋಗಿ ಆ ಫೋಟೋ ಅಳಿಸಿದನಂತೆ. ಫಾರ್ವರ್ಡ್ ಮಾಡಿದವರನ್ನೆಲ್ಲ ಹುಡುಕಿ ಹುಡುಕಿ ಫೋನ್ ಮಾಡಿ, ಕೈ ಮುಗಿದು, ಅಳಿಸಿ ಅಂದನಂತೆ. ಫೋಟೋ ತಪ್ಪು, ಸಾಫ್ಟ್‌ವೇರ್ ತಪ್ಪು, ಕ್ಷಮಿಸಿ ಅಂತ ಎಲ್ಲಾ ಕಡೆ ಬರೆದನಂತೆ. ವ್ಯಾಪಾರವನ್ನೂ ಬಿಟ್ಟು ಆವತ್ತು ಸಾಯಂಕಾಲದವರೆಗೂ ಅದೇ ಕೆಲಸ ಮಾಡಿದನಂತೆ. ಸರ ಇವತ್ತಿಗೂ ಸಿಕ್ಕಿಲ್ಲ. ನನ್ನ ಅಂಗಡಿಗೆ ಹುಡುಕಕ್ಕೂ ಯಾರೂ ಬಂದಿಲ್ಲ.

ಆ ಸಾಯಂಕಾಲ ನಾನಿನ್ನೂ ಸಲೀಮಾಳ ಮನೇಲಿದ್ದೆ. ಪಕ್ಕದ ಮನೆ ಹೆಂಗಸು ಬಂದು, ಫೋಟೋ ಎಲ್ಲಾ ಕಡೆಯಿಂದ ಅಳಿಸಿ ಹೋಗಿದೆ ನೋಡ್ರಿ ಅಂತ ಖುಷಿಯಾಗಿ ಹೇಳಿದ್ಳು. ಸಲೀಮಾ ಎರಡೂ ಕೈ ಎತ್ತಿ ದುವಾ ಮಾಡಿದ್ಳು. ಸಫೂರಾ ತನ್ನ ಮೊಬೈಲಲ್ಲಿ ಒಂದೊಂದಾಗಿ ನೋಡಿದ್ಳು, ಎಲ್ಲೂ ಇರಲಿಲ್ಲ.

"ಅಳಿಸಿದ್ದಾರೆ ಆಂಟಿ," ಅಂದ್ಳು.

ಯಾರಿಗೋಸ್ಕರ ಅಳಿಸಿದ್ರು ಅಂತ ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಅವಳ ಮುಖ ನೋಡಕ್ಕೆ ನನ್ನಿಂದ ಆಗಲಿಲ್ಲ.